ಜೆರಾಕ್ಸ್ ಅಣ್ಣನ ಕೆಮ್ಮು

ನಾನು ನಿಂತಿದ್ದುದು ಹೊಳೆಯ ನಡುವಿನ ಚಪ್ಪಟೆ ಬಂಡೆಯ ಪಕ್ಕ, ಹಿಮ್ಮಡಿ ಮುಚ್ಚುವಷ್ಟು ನೀರಿನಲ್ಲಿ. ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಗಡಿಯಾರ ಬಿಚ್ಚಿ ಬಂಡೆಯ ಮೇಲಿಡುವಾಗ ನೋಡಿದ್ದೆ. ಜೆರಾಕ್ಸ್ ಅಣ್ಣ ತೀರಿಕೊಂಡ ಐದನೆಯ ದಿನ. ದಡದ ಮೇಲೆ ಅವರನ್ನು ಮಣ್ಣು ಮಾಡಿದ ಗುದ್ದಿಗೆ ಹಾಲು ತುಪ್ಪ ಬಿಟ್ಟು, ಕೈಕಾಲು ತೊಳೆಯಲು ಹನ್ನೊಂದು ಜನ ಹೊಳೆಗಿಳಿದಿದ್ದೆವು.

ಆಗ ಪಂಚಾಯಿತಿ ಕಟ್ಟಡದ ಸ್ಪೀಕರಿನಲ್ಲಿ ಅವರು ಕೆಮ್ಮಿದರು.

ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಿಂದ ನಮ್ಮೂರಿಗೆ ಬರುವ ದಾರಿಯಲ್ಲಿ, ಪಂಚಾಯಿತಿಗೆ ಒತ್ತಿಕೊಂಡೇ ಅವರ ಜೆರಾಕ್ಸ್ ಅಂಗಡಿ. ಬಲಗೈ ಹೆಬ್ಬೆರಳು ಟೋನರಿನ ಪುಡಿಯಿಂದ ಸದಾ ಕಪ್ಪು. ಮಣ್ಣು ಮಾಡುವಾಗಲೂ ಆ ಕಪ್ಪು ಹೋಗಿರಲಿಲ್ಲ. ಪಹಣಿಯ ಒಂದು ಪ್ರತಿ ಕೇಳಿದರೆ ಎರಡು ತೆಗೆದು, "ಒಂದ ಕಳ್ಕೋತೀಯ, ಮಡೀಕೋ" ಎನ್ನುತ್ತಿದ್ದರು.

ಮೇಲಿನ ಅಣೆಕಟ್ಟೆಯಿಂದ ನೀರು ಬಿಡುವ ಮುನ್ನ ಪಂಚಾಯಿತಿಗೆ ಇ-ಮೇಲ್ ಬರುತ್ತದೆ. ಅದನ್ನು ನೋಡಿ ಮೈಕಿನಲ್ಲಿ ಕೂಗುವ ಕೆಲಸವನ್ನು ಅವರು ತಾವಾಗಿ ವಹಿಸಿಕೊಂಡಿದ್ದರು. ಒಮ್ಮೆ ಬೀಗರೂಟಕ್ಕೆ ಹೋಗಿದ್ದಾಗ ಮೇಲ್ ಬಂತು. ಒಂದು ಜೊತೆ ಎತ್ತು ಕೊಚ್ಚಿಹೋದವು. ಅದಾದ ಮೇಲೆ ಹದಿನೈದು ದಿನ ಕುಳಿತು ಅಂಗಡಿಯ ಕಂಪ್ಯೂಟರಿಗೆ ಒಂದು ಸ್ಕ್ರಿಪ್ಟ್ ಬರೆದರು. ಆ ಮೇಲ್ ಬಂದೊಡನೆ ಅದು ತಾನೇ ಸ್ಪೀಕರ್ ಚಾಲೂ ಮಾಡಿ, ಅವರು ರೆಕಾರ್ಡ್ ಮಾಡಿಟ್ಟ ಮಾತನ್ನು ಐದೈದು ನಿಮಿಷ ಬಿಟ್ಟು ಒಟ್ಟು ಮೂರು ಸಲ ಕೇಳಿಸುತ್ತಿತ್ತು. ಇದು ಗೊತ್ತಿದ್ದುದು ಊರ ಶಾಲೆಯ ಮೇಷ್ಟ್ರಾದ ನನಗೊಬ್ಬನಿಗೇ. ಅವರು ಹೇಳಿದ್ದರು: "ಮಿಷಿನ್ ಕೂಗ್ತದೆ ಅಂದ್ರೆ ಜನ ಏಳಕಿಲ್ಲ ಮೇಷ್ಟ್ರೇ. ನಾನೇ ಕೂಗ್ತಾ ಇವ್ನಿ ಅಂದ್ಕೊಳ್ಳಲಿ."

ಮಾತು ಹೀಗಿತ್ತು: ಮೊದಲು ಕೆಮ್ಮು. "ನೀರು ಬುಡ್ತಾವ್ರೆ. ದನಕರ ಒಡ್ಕೊಂಡು ದಡ ಅತ್ತಿ. ಲೇ ಇವ್ಳೇ, ನೀನೂ ಕಣೇ, ಬಟ್ಟೆ ಬುಟ್ಟು ಬಾ."

ಕೊನೆಯದು ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಡತಿಗೆ. "ಅಕ್ಕೋ, ಭಾವ ಕರೀತಾವ್ರೆ" ಎಂದು ಹೆಂಗಸರು ರೇಗಿಸಿದರೆ, ಆಕೆ ಸ್ಪೀಕರಿಗೇ ಉತ್ತರ ಕೊಡುತ್ತಿದ್ದರು: "ಬಂದೆ ತಡೀರಿ! ಊರಿಗೆಲ್ಲ ಕೇಳಂಗೆ ಬಡ್ಕೋಬ್ಯಾಡಿ."

ಕಾಯಿಲೆ ಬಲಿತಾಗ ಅಂಗಡಿಯ ಬೀಗದ ಕೈ ನನಗೆ ಕೊಟ್ಟು ಹೇಳಿದರು: "ನಾ ಓದ್ಮೇಲೆ ನಿಮ್ ದನಿ ಆಕ್ಬುಡಿ. ಸತ್ತೋನ್ ದನಿ ಕೇಳಿದ್ರೆ ಜನ ಎದರ್ಕೋತಾರೆ." ಹೂಂ ಅಂದಿದ್ದೆ. ಐದು ದಿನವಾದರೂ ಆ ಬಾಗಿಲು ತೆಗೆಯಲು ಮನಸ್ಸು ಬಂದಿರಲಿಲ್ಲ.

ಅಂದು ನಮ್ಮಲ್ಲಿ ಬಿಸಿಲಿತ್ತು. ಮಳೆ ಸುರಿಯುತ್ತಿದ್ದುದು ಅಣೆಕಟ್ಟೆಗೆ ನೀರು ಬರುವ ದೂರದ ವಯನಾಡಿನಲ್ಲಿ. ದನಿ ಕೇಳಿದ್ದೇ ಅವರ ಸೋದರಮಾವ ಎರಡೂ ಕೈ ಚಾಚಿ ಎಲ್ಲರನ್ನೂ ತಡೆದರು. "ಯಾರೂ ಓ ಅನ್ಬ್ಯಾಡಿ! ಅಲ್ಲಾಡ್ಬ್ಯಾಡಿ! ಎಂಡ್ರ ಕರಕೊಂಡೋಗಕ್ಕೆ ಬಂದವ್ನೆ!" ಮಣ್ಣಾದವರು ಕರೆದರೆ, ಮೂರು ಕೂಗು ಮುಗಿಯುವವರೆಗೆ ನಿಂತಲ್ಲೇ ನಿಲ್ಲಬೇಕೆಂಬುದು ನಮ್ಮ ಕಡೆಯ ನಂಬಿಕೆ. ಹನ್ನೊಂದೂ ಜನ ನಿಂತೆವು.

ನನಗೆ ಗೊತ್ತಿತ್ತು. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಆದರೂ ಎಲ್ಲರಂತೆ ನಾನೂ ನಿಂತೇ ಇದ್ದೆ. ಯಾಕೆಂದು ಇವತ್ತಿಗೂ ಹೇಳಲಾರೆ. ನೀರು ಹಿಮ್ಮಡಿಯಿಂದ ಮೀನಖಂಡಕ್ಕೆ ಬಂತು, ಕೆಂಪಗಿತ್ತು.

ಎರಡನೆಯ ಕೆಮ್ಮು. "ಲೇ ಇವ್ಳೇ, ನೀನೂ ಕಣೇ…"

ಆಕೆ ಸೆರಗು ಸಿಕ್ಕಿಸಿಕೊಂಡರು. "ಬಂದೆ ತಡೀರಿ! ಊರಿಗೆಲ್ಲ ಕೇಳಂಗೆ ಬಡ್ಕೋಬ್ಯಾಡಿ." ಮಾವ ರಟ್ಟೆ ಹಿಡಿದರು. "ಬುಡಿ ಮಾವ. ಬದುಕಿದ್ದಾಗ ಒಂದಿನಾನೂ ಸುಮ್ಕೆ ಕರ್ದೋರಲ್ಲ" ಎಂದು ಕೊಡವಿಕೊಂಡು ದಡದತ್ತ ನಡೆದರು. ಆಕೆಯನ್ನು ಹಿಡಿದು ನಿಲ್ಲಿಸಲೆಂದೇ ಉಳಿದವರೆಲ್ಲ ಹಿಂದೆ ಓಡಿದೆವು. ಎಲ್ಲರೂ ದಡ ಹತ್ತಿದ ಮೇಲೆ ಮೂರನೆಯ ಸಲ ಕೆಮ್ಮಿದರು. ಆ ಮಾತು ಮುಗಿಯುವಷ್ಟರಲ್ಲಿ ಬಂಡೆ ಕಾಣದಾಯಿತು, ಮೇಲಿಟ್ಟಿದ್ದ ನನ್ನ ಗಡಿಯಾರವೂ.

ಸಂಜೆ ಆಕೆಗೆ ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು, "ದನಿ ಬದ್ಲಾಯಿಸ್ಬ್ಯಾಡಿ ಮೇಷ್ಟ್ರೇ" ಎಂದರು. ಬದಲಿಸಿಲ್ಲ. ಅವರಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಂಡಿದ್ದರೆ, ಪಕ್ಕದಲ್ಲೇ ನಿಂತ ಮೇಷ್ಟ್ರ ದನಿಯಲ್ಲಿ ಕೂಗುವ ಮಿಷಿನ್ನಿಗೆ ಆ ಬಿಸಿಲಲ್ಲಿ ಯಾರೂ ಏಳದೆ, ಇದನ್ನು ಬರೆಯಲು ನಾನೂ ಇರುತ್ತಿರಲಿಲ್ಲ.

ಇದನ್ನು ಕಂಡವರು: ಅವರ ಹೆಂಡತಿ, ಸೋದರಮಾವ, ಇಬ್ಬರು ತಂಗಿಯರು, ಒಬ್ಬ ಭಾವ, ಗುದ್ದು ತೋಡಿದ ಮೂವರು, ಹಾಲು ತಂದಿದ್ದ ಪಕ್ಕದ ಮನೆಯ ಗಂಡ ಹೆಂಡಿರು, ನಾನು. ಎಲ್ಲರೂ ಬದುಕಿದ್ದಾರೆ.