ಧೂಳಿಗೆ ಬೆಲ್ಲ

ಮೊನ್ನೆ ರಾಬರ್ಟ್‌ಸನ್‌ಪೇಟೆಯ ಅಂಗಡಿಯವನು ಬೆಲ್ಲದ ಅಚ್ಚನ್ನು ಕಲ್ಲಿನಿಂದ ಕುಟ್ಟಿ ಒಡೆದ. ಘಮ್ಮೆಂದು ಮೂಗಿಗೆ ಬಡಿಯಿತು. ಬೆಲ್ಲದ ವಾಸನೆಗೆ ಎಲ್ಲರಿಗೂ ಹಬ್ಬ ನೆನಪಾಗುತ್ತದೆ. ನನಗೆ ಕೆಮ್ಮು ನೆನಪಾಯಿತು, ನನ್ನ ಸೋದರಮಾವನ ಕೆಮ್ಮು…

ಮಾವ ಅಮ್ಮನಿಗೆ ಒಬ್ಬನೇ ತಮ್ಮ. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ಹೋಗಿ ಚಿನ್ನದ ಗಣಿ ಸೇರಿದ್ದ. ಹೆಂಡತಿ ತೀರಿಕೊಂಡ ಮೇಲೆ ಗಣಿಯವರು ಕಾರ್ಮಿಕರಿಗೆ ಕಟ್ಟಿಸಿದ್ದ ಊರಿಗಾಂ ಲೈನಿನ ಒಂದು ಕೋಣೆಯಲ್ಲಿ ಅವನು, ಅವನ ಮಗ, ಇಬ್ಬರೇ. ನೆಲದಡಿಯಲ್ಲಿ ಮಿಷನ್ ಹಿಡಿದು ಬೆಣಚುಕಲ್ಲಿಗೆ ತೂತು ಕೊರೆಯುವುದು ಅವನ ಕೆಲಸ. ರಜೆಗೆ ಬಂದಾಗ ಎಷ್ಟು ಮಿಂದರೂ ಕಿವಿಯ ಹಿಂದೆ ಬೆಳ್ಳಗೆ ಧೂಳು ಉಳಿದಿರುತ್ತಿತ್ತು. 'ವಿಭೂತಿ ಸ್ವಾಮಿ ಬಂದರು' ಎಂದು ರೇಗಿಸುತ್ತಿದ್ದೆ. ನಗಲು ಹೋಗಿ ಕೆಮ್ಮುತ್ತಿದ್ದ.

ಆ ಧೂಳಿಗೆ ಗಣಿಯವರು ಕಂಡುಕೊಂಡಿದ್ದ ಮದ್ದು ಬೆಲ್ಲ. ಪಾಳಿ ಮುಗಿಸಿ ಮೇಲೆ ಬಂದ ಕೂಡಲೇ ಒಂದು ಉಂಡೆ ಬಾಯಿಗೆ. ಮಾವ ಹಿಂದಿರುಗುವಾಗಲೆಲ್ಲ ಅಮ್ಮ ಅವನ ಟವೆಲ್ಲಿನ ತುದಿಗೆ ಬೆಲ್ಲ ಕಟ್ಟಿಕೊಡಬೇಕು.

"ಧೂಳೆಲ್ಲಾ ಬೆಲ್ಲಕ್ಕಂಟ್ಕೊಂಡು ಒಟ್ಟೇಗಿಳಿದೋಗ್ತದೆ ಕಣಕ್ಕ," ಎನ್ನುತ್ತಿದ್ದ.

ನನಗೆ ಮೈ ಉರಿಯುತ್ತಿತ್ತು. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಕೂತಿರುವುದು ಎದೆಯಲ್ಲಿ. ಇದನ್ನು ತಿಳಿಯಲು ಓದು ಬರಹ ಬೇಕೆ? ಮಿಷನ್ನಿಗೆ ನೀರು ಬಿಟ್ಟು ಕೊರೆದರೆ ಧೂಳೇ ಏಳುವುದಿಲ್ಲ ಎಂದು ಅವನೇ ಹೇಳಿದ್ದ. ಮತ್ತೇಕೆ ಬಿಡುವುದಿಲ್ಲ ಎಂದು ಕೇಳಿದೆ.

"ನೀರ್ ಬಿಟ್ರೆ ಕೆಸರಾಗ್ತದೆ, ಕೆಲ್ಸ ನಿಧಾನ ಆಗ್ತದೆ. ಮೇಸ್ತ್ರಿ ಸುಮ್ನಿರ್ತಾನಾ ತಾಯಿ?"

ಯಾರಿಗೆ ಏನು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಇಳಿಯುತ್ತಿದ್ದರು, ಗೊತ್ತಿದ್ದೂ ಇಳಿಸುತ್ತಿದ್ದರು.

ಕೊನೆಗೆ ಒಂದು ಕೊಡ ನೀರು ಎತ್ತಲೂ ಉಸಿರು ಸಾಲದೆ ಮಾವ ನಮ್ಮ ಜಗಲಿಗೆ ಬಂದು ಬಿದ್ದ. ಗಣಿಯ ಆಸ್ಪತ್ರೆಯಲ್ಲಿ ಯಾರೋ ಡಾಕ್ಟರು, ಇದು ಬೀಡಿ ಸೇದಿ ಕೆಟ್ಟ ಎದೆ ಎಂದು ಹೇಳಿ ಕಳಿಸಿದ್ದರಂತೆ. ಹುಟ್ಟಿದಾಗಿನಿಂದ ಮಾವ ಬೀಡಿ ಮುಟ್ಟಿದವನೇ ಅಲ್ಲ! ಈಗ ಬರೆಯುವಾಗಲೂ ಆ ಮಾತಿಗೆ ನನ್ನ ಹಲ್ಲು ಕಟಕಟಿಸುತ್ತದೆ.

ಲೈನಿನ ಕೋಣೆ ಉಳಿಯಬೇಕಾದರೆ ಮನೆಯವರೊಬ್ಬರು ಗಣಿಯಲ್ಲಿರಬೇಕು. ಮಗ ಹೊರಟು ನಿಂತ, ಅದೇ ಮಿಷನ್ ಕೆಲಸಕ್ಕೆ. ಮಾವ ಗೋಡೆಗೊರಗಿ ಕೂತು, ತಾನೇ ಅವನ ಟವೆಲ್ಲಿಗೆ ಬೆಲ್ಲ ಕಟ್ಟಿದ.

"ಮರೀಬ್ಯಾಡ್ಲಾ… ಮೇಲಕ್ ಬಂದೇಟ್ಗೆ… ತಿನ್ನು."

ನಾನು ತಡೆಯಲಾರದೆ ಕೂಗಿದೆ. "ಬೆಲ್ಲ ತಿಂದು ನೀನೇನ್ ಉದ್ಧಾರ ಆದೆ ಮಾವಾ? ನೀರ್ ಬಿಟ್ಕೊಂಡ್ ಕೊರಿ ಅಂತ ಯೋಳು ಅವನ್ಗೆ!"

ಮಾವ ಸಿಟ್ಟಾಗಲಿಲ್ಲ. ಬಹಳ ಹೊತ್ತು ಉಸಿರು ಕೂಡಿಸಿಕೊಂಡು ಹೇಳಿದ.

"ನೀರು ನಮ್ ಕೈಯಾಗಿಲ್ಲಮ್ಮ. ಬೆಲ್ಲ ಐತೆ."

ಆ ವರ್ಷದ ಯುಗಾದಿಯನ್ನು ಮಾವ ಕಾಣಲಿಲ್ಲ. ಕೆಲವು ವರ್ಷಗಳಲ್ಲಿ ಮಗನೂ ಅದೇ ಕೆಮ್ಮು ಹೊತ್ತು ಬಂದು ಅದೇ ಜಗಲಿಯ ಮೇಲೆ ಮಲಗಿದ… ಅವನೂ ಹೋದ.

ಅಂಗಡಿಯವನು ಪೊಟ್ಟಣ ಕಟ್ಟುತ್ತಾ, "ಒಳ್ಳೆ ಬೆಲ್ಲ ಕಣಮ್ಮ. ಧೂಳ್ ಕೆಲ್ಸದೋರೆಲ್ಲಾ ಇದ್ನೇ ತಗೊಂಡೋಗದು," ಎಂದ. ಬಾಯಿಗೆ ಬಂದಂತೆ ಬೈಯಬೇಕೆನಿಸಿತು. ಅವನನ್ನು ಬೈದು ಏನು ಬಂತು? ನನ್ನ ಹಿಂದೆ ನಿಂತಿದ್ದವನೊಬ್ಬ ಕೆಮ್ಮುತ್ತಾ ಟವೆಲ್ಲಿನ ತುದಿಯನ್ನು ಆಗಲೇ ಮುಂದೆ ಚಾಚಿದ್ದ.