ಮೂರನೆಯ ಕೆಂಪು ತಂತಿ

ನಮ್ಮ ಭಾವ ಹತ್ತೊಂಬತ್ತು ವರ್ಷದಿಂದ ಲಿಫ್ಟ್ ಮೆಕ್ಯಾನಿಕ್. ಸ್ವಭಾವದಲ್ಲಿ ಮಹಾ ಪುಕ್ಕಲರು. ಗ್ಯಾಸ್ ಆರಿಸಿದೆಯೇ ಎಂದು ಮೂರು ಸಲ ನೋಡದೆ ಮನೆಯಿಂದ ಹೊರಬೀಳುವುದಿಲ್ಲ. ಅಕ್ಕ ಇದಕ್ಕೆ ಅವರನ್ನು ಆಡಿಕೊಳ್ಳುತ್ತಾಳೆ. ಕಾಲೇಜಿನಲ್ಲಿ ನೀತಿಶಾಸ್ತ್ರ ಪಾಠ ಮಾಡುವ ನಾನೂ ನಗುತ್ತಿದ್ದೆ, ಬುದ್ಧಿಯಿಲ್ಲದೆ.

ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟ್ ಚಲಿಸುವುದಿಲ್ಲ. ರಿಪೇರಿ ಮಾಡುವಾಗ ಮಾತ್ರ ಗೇಣುದ್ದದ ಕೆಂಪು ತಂತಿಯೊಂದನ್ನು ಬೀಗಕ್ಕೆ ಜೋಡಿಸಿ, ಬಾಗಿಲು ಮುಚ್ಚಿದೆ ಎಂದು ಯಂತ್ರವನ್ನು ನಂಬಿಸುತ್ತಾರೆ. ಅದನ್ನು ತೆಗೆಯಲು ಮರೆತರೆ ಬಾಗಿಲು ತೆರೆದಿದ್ದರೂ ಲಿಫ್ಟ್ ಹೊರಟುಬಿಡುತ್ತದೆ; ಕಾಲಿಟ್ಟವರ ಕೆಳಗೆ ಏನೂ ಇರುವುದಿಲ್ಲ. ಭಾವನ ಹತ್ತಿರ ಅಂಥ ತಂತಿ ಮೂರೇ ಮೂರು. ಕೆಲಸ ಮುಗಿಸಿ ಕೈ ತೊಳೆಯುವ ಮುಂಚೆ ಅವನ್ನು ಎಣಿಸುವುದು ಅವರೇ ಮಾಡಿಕೊಂಡ ಕಟ್ಟಳೆ.

ಅವತ್ತು ಮಧ್ಯಾಹ್ನ ನಾನು ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಕೆಲಸದಿಂದ ಬಂದು ಬಚ್ಚಲಿಗೆ ಹೋದ ಭಾವ ಕೈ ತೊಳೆಯದೆ ವಾಪಸು ಬಂದರು. ಜೇಬಿನಿಂದ ಎರಡು ತಂತಿ ತೆಗೆದು ಮೇಜಿನ ಮೇಲಿಟ್ಟರು. ಮುಖ ಬಿಳಿಚಿಕೊಂಡಿತ್ತು.

"ಬೆಳಿಗ್ಗೆ ಮೂರನೇ ಮಹಡಿ ಬೀಗ ರಿಪೇರಿ ಮಾಡಿದ್ನಲ್ಲ, ಆ ಕಟ್ಟಡದಲ್ಲಿ ನೀರೇ ಬರ್ತಿರಲಿಲ್ಲ," ಎಂದರು. "ಕೈ ತೊಳೀಲಿಲ್ಲ. ಅದಕ್ಕೇ ಎಣಿಸಲೂ ಇಲ್ಲ."

ಅಲ್ಲಿನ ಕಾವಲುಗಾರನಿಗೆ ಫೋನ್ ಮಾಡಿದರೆ ಲಿಫ್ಟ್ ತಕ್ಷಣ ನಿಲ್ಲುತ್ತದೆ. ಆದರೆ ಅವನು ಅದನ್ನು ಪುಸ್ತಕದಲ್ಲಿ ಬರೆಯುತ್ತಾನೆ, ಕಂಪನಿಗೆ ಗೊತ್ತಾಗುತ್ತದೆ. ಹೋದ ವರ್ಷ ಇದೇ ತಪ್ಪಿಗೆ ಭಾವನ ಜೊತೆಗಾರನನ್ನು ಕೆಲಸದಿಂದ ತೆಗೆದಿದ್ದರು. ಸ್ಕೂಟರಿನಲ್ಲಿ ಗುಟ್ಟಾಗಿ ಹೋಗಿ ಬರಬಹುದು. ಆದರೆ ಅಲ್ಲಿಗೆ ತಲುಪಲು ಅರ್ಧ ಗಂಟೆ ಬೇಕು; ಅಲ್ಲಿಯವರೆಗೆ ಲಿಫ್ಟ್ ಓಡುತ್ತಲೇ ಇರುತ್ತದೆ.

"ಸುಮ್ನೆ ಹೋಗಿ ತೆಗೆದುಬಿಟ್ಟು ಬನ್ನಿ," ಎಂದಳು ಅಕ್ಕ. "ಯಾರಿಗೂ ಏನೂ ಆಗಿಲ್ಲವಲ್ಲ. ಊರಿಗೆಲ್ಲ ಡಂಗುರ ಹೊಡೀಬೇಕಾ?"

ಭಾವ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಇದನ್ನೇ ಅಲ್ವಾ ನೀವು ಪಾಠ ಮಾಡೋದು? ಹೇಳಿ."

ಪಾಠ ಎಂದರೆ ನನ್ನ ಬಾಯಿ ತಡೆಯುವುದಿಲ್ಲ, ಅದೇ ನನ್ನ ಕರ್ಮ.

"ಅಕ್ಕ ಹೇಳೋದು ಫಲ ನೋಡೋ ವಾದ," ಎಂದು ಶುರುಮಾಡಿದೆ. "ಆದ್ರೆ ಅಲ್ಲಿ ಈ ಮನೆಯವರ ಒಳಿತು ಒಂದನ್ನೇ ನೋಡೋಹಾಗಿಲ್ಲ, ಆ ಕಟ್ಟಡದವರೂ ಬರ್ತಾರೆ. ಇನ್ನೊಂದು ಕರ್ತವ್ಯದ ವಾದ. ಫಲ ಏನಾದ್ರೂ ಆಗ್ಲಿ, ಎಲ್ಲಾ ಮೆಕ್ಯಾನಿಕ್‌ಗಳೂ ಹೀಗೆ ಮುಚ್ಚಿಟ್ಟರೆ ನೀವು ಒಪ್ತೀರಾ ಅಂತ ಅದು ಕೇಳುತ್ತೆ. ಗುಣದ ವಾದ ಅಂತ ಮತ್ತೊಂದಿದೆ. ಹೀಗೆ ಮಾಡಿದ್ರೆ ನಾನು ಎಂಥ ಮನುಷ್ಯ ಆಗ್ತೀನಿ ಅಂತ ನೋಡೋದು."

ಅಕ್ಕ ಎದುರು ಮಾತಾಡಿದಳು, ಅದಕ್ಕೂ ಉತ್ತರ ಕೊಟ್ಟೆ. ಒಂದು ವಾದ ಇನ್ನೊಂದಕ್ಕೆ ಎಲ್ಲಿ ತಿಕ್ಕಾಡುತ್ತದೆ ಎಂದು ಬಿಡಿಸಿ ಹೇಳಿದೆ. ಭಾವ ತಲೆಯಾಡಿಸುತ್ತ ಕೇಳಿದರು, ನಡುನಡುವೆ ಪ್ರಶ್ನೆಯನ್ನೂ ಹಾಕಿದರು. ಯಾವ ವಾದ ಹಿಡಿದರೂ ಫೋನ್ ಮಾಡುವುದೇ ಸರಿ ಎಂದು ನಾನು ತೀರ್ಪು ಕೊಡುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು.

ಭಾವ ಫೋನ್ ತೆಗೆದುಕೊಂಡರು. "ಲಿಫ್ಟ್ ನಿಲ್ಲಿಸಿ. ತಂತಿ ಬಿಟ್ಟು ಬಂದಿದೀನಿ, ತಪ್ಪು ನಂದು," ಎಂದರು. ಇಬ್ಬರೂ ಸ್ಕೂಟರ್ ಹತ್ತಿ ಹೊರಟೆವು.

ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದೇ ಇತ್ತು, ಒಳಗೆ ಬರೀ ಕತ್ತಲು. ಪಕ್ಕದ ಕುರ್ಚಿಯಲ್ಲಿ ಒಬ್ಬ ಅಜ್ಜಿ ಕೂತಿದ್ದರು, ಕಾಲಲ್ಲಿ ಒಂದೇ ಚಪ್ಪಲಿ. ಇನ್ನೊಂದು ಚಪ್ಪಲಿ ಲಿಫ್ಟ್ ಓಡಾಡುವ ಬಾವಿಯ ತಳದಲ್ಲಿ ಬಿದ್ದಿತ್ತು. ಮಗಳು ತೋಳು ಹಿಡಿದು ಹಿಂದಕ್ಕೆ ಎಳೆದದ್ದರಿಂದ ಜೀವ ಉಳಿದಿತ್ತು.

"ನಿಮ್ಮ ಫೋನ್ ಬರೋಕೆ ಹತ್ತು ನಿಮಿಷ ಮುಂಚೆ ಆಗಿದ್ದಂತೆ," ಎಂದ ಕಾವಲುಗಾರ. "ನಿಲ್ಲಿಸಿ ಮೇಲೆ ಬಂದಾಗಲೇ ನಂಗೂ ಗೊತ್ತಾಗಿದ್ದು."

ಭಾವ ತಂತಿ ಬಿಚ್ಚಿದರು. ಅಜ್ಜಿಯ ಕಾಲು ಮುಟ್ಟಿ ತಪ್ಪೊಪ್ಪಿಕೊಂಡರು. ಕಾವಲುಗಾರನ ಪುಸ್ತಕದಲ್ಲಿ ಎಲ್ಲವನ್ನೂ ತಾವೇ ಬರೆದು ಸಹಿ ಹಾಕಿದರು.

ಕೆಳಗೆ ಇಳಿಯುವಾಗ ನಾನು, "ಅಷ್ಟು ಹೊತ್ತು ಮಾತಾಡಬಾರದಿತ್ತು ಭಾವ, ನಂದೇ ತಪ್ಪು," ಎಂದೆ.

"ನಿಮ್ಮದೇನಿಲ್ಲ, ಮೇಷ್ಟ್ರೇ. ಫೋನ್ ಮಾಡಬೇಕು ಅಂತ ನಂಗೆ ಬಚ್ಚಲಲ್ಲೇ ಗೊತ್ತಾಗಿತ್ತು. ನೀವು ಮಾತಾಡ್ತಾ ಇರೋವಷ್ಟು ಹೊತ್ತು ಮಾಡದೇ ಇರಬಹುದಲ್ಲ ಅಂತ, ಪ್ರಶ್ನೆ ಕೇಳ್ತಾ ಕೂತೆ."