ಡಬ್ಬಿ ಅಕ್ಕನ ಕಾರು ಯಾವ ಬಳಕೆಗೆ

ಬೆಳಕು ಹರಿಯುವ ಮುಂಚೆ ಅವಳು ಬೇಳೆ ಬೇಯಲಿಟ್ಟು, ಬುಟ್ಟಿ ತುಂಬ ತರಕಾರಿ ಹೆಚ್ಚಿ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿ, ಗಂಡನ ಅಂಗಿಗೆ ಇಸ್ತ್ರಿ ಹಾಕಿ, ಮಗಳ ಕಾಲುಚೀಲದ ಜೋಡಿಯನ್ನು ಸೋಫಾದಡಿಯಿಂದ ಎಳೆದು ತೆಗೆದಿದ್ದಳು. ಆಮೇಲೆ ಆಫೀಸುಗಳಿಗೆ ಹೋಗಬೇಕಾದ ಊಟದ ಡಬ್ಬಿಗಳನ್ನು ಒರೆಸಿ ಸಾಲಾಗಿ ಇಟ್ಟಳು. ಆಗ ಎದ್ದುಬಂದ ಗಂಡ ಆಕಳಿಸುತ್ತ, "ಇವತ್ತು ಬಿಡುವಾಗಿದೀಯೇನೇ? ಇನ್ಶೂರೆನ್ಸಿನವನು ಬರ್ತಾನೆ" ಎಂದ.

ಬೀದಿಗೆಲ್ಲ ಅವಳು ಡಬ್ಬಿ ಅಕ್ಕ. ಇಷ್ಟು ವರ್ಷ ಡಬ್ಬಿಗಳನ್ನು ತಬ್ಬಿಕೊಂಡು ಬಸ್ಸಿನಲ್ಲಿ ಜೋತಾಡಿದವಳು, ಓಡಿಸಲು ಕಲಿತು ಲೈಸೆನ್ಸ್ ಪಡೆದು, ಊಟದ ದುಡ್ಡಿನಲ್ಲೇ ಹಳೆಯದೊಂದು ಕಾರು ಕೊಂಡಿದ್ದಳು. ಹಿಂದಿನ ಸೀಟಿನಲ್ಲಿ ಇನ್ನೂ ಹಳೇ ಮಾಲೀಕರ ನಾಯಿಯ ವಾಸನೆ. ಅವರ ಹೆಸರಿನ ವಿಮೆ ಇವಳಿಗೆ ಅನ್ವಯಿಸುವುದಿಲ್ಲವೆಂದು ತಿಳಿದ ಮೇಲೆ ಕಾರು ಗೇಟಿನ ಬಳಿ ಸುಮ್ಮನೆ ನಿಂತಿತ್ತು.

ಏಜೆಂಟ್ ಬಂದು ಕೂತ. "ಕಾರು ಯಾತಕ್ಕೆ ಬಳಸ್ತೀರಿ?"

"ಮನೆ ಬಳಕೆಗೆ" ಎಂದ ಗಂಡ.

"ಓಡಿಸೋರು?"

"ನಾನೇ." ಅವನು ಒಂದೇ ಸಲ ಸ್ಟೇರಿಂಗ್ ಹಿಡಿದು ಪಕ್ಕದ ಮನೆಯ ಹೂಕುಂಡ ಉರುಳಿಸಿದ್ದ.

ಏಜೆಂಟನ ಕಣ್ಣು ಡಬ್ಬಿಗಳ ಮೇಲೆ ಬಿತ್ತು. "ಇವೆಲ್ಲ?"

"ಅದೇನು ದೊಡ್ಡ ಕೆಲಸ ಬಿಡಪ್ಪ" ಎಂದರು ಅತ್ತೆ. "ಮನೇಲಿ ಹೇಗೂ ಒಲೆ ಉರೀತಿರುತ್ತೆ. ಇನ್ನೊಂದಷ್ಟು ಜನಕ್ಕೆ ಜಾಸ್ತಿ ಬೇಯಿಸ್ತಾಳೆ, ಅಷ್ಟೆ."

"ದುಡ್ಡಿಗೆ ಊಟ ಸಾಗಿಸಿದ್ರೆ ಅದು ವ್ಯಾಪಾರ, ಅಜ್ಜಿ. ಮನೆ ಬಳಕೆ ಅಂತ ಬರೆಸಿ, ಡಬ್ಬಿ ಹೊತ್ಕೊಂಡು ಹೋಗ್ವಾಗ ಯಾರಿಗಾದ್ರೂ ಗುದ್ದಿದ್ರೆ ಕಂಪನಿ ಕೈ ತೊಳ್ಕೊಳ್ಳುತ್ತೆ. ಆಸ್ಪತ್ರೆ, ಕೋರ್ಟು ಎಲ್ಲಾ ನಿಮ್ಮ ತಲೆ ಮೇಲೆ. ವ್ಯಾಪಾರದ್ದಕ್ಕೆ ಪ್ರೀಮಿಯಂ ಸ್ವಲ್ಪ ಜಾಸ್ತಿ."

"ಮನೆ ಬಳಕೆ ಅಂತಲೇ ಹಾಕ್ರೀ. ಗುದ್ದಿದಾಗ ನೋಡ್ಕೊಳ್ಳೋಣ" ಎಂದ ಗಂಡ.

"ಯಾರು ನೋಡ್ಕೊಳ್ಳೋದು?" ಎಂದಳು ಅವಳು, ಡಬ್ಬಿಯ ಮುಚ್ಚಳ ಒತ್ತುತ್ತ.

ಗಂಡ ಸ್ನಾನಕ್ಕೆ ಎದ್ದುಹೋದ. "ತೀರ್ಮಾನ ಮಾಡಿ ಫೋನ್ ಮಾಡಿ" ಎಂದು ಏಜೆಂಟೂ ಹೊರಟ.

ಡಬ್ಬಿಗಳನ್ನೆಲ್ಲ ಕಾರಿಗೆ ತುಂಬಿ, ಮಕ್ಕಳಿಗೆ ಕಟ್ಟುವಂತೆ ಸೀಟುಬೆಲ್ಟ್ ಕಟ್ಟಿ, ಅವಳು ಸ್ಟೇರಿಂಗಿನ ಮುಂದೆ ಕೂತಳು. ಆಫೀಸುಗಳು ಬಸ್ಸಿನಲ್ಲಿ ದೂರ, ಕಾರಿನಲ್ಲಿ ಹತ್ತಿರ. ಕೀಲಿ ಕೈಯಲ್ಲೇ ಇತ್ತು. ಯಾರು ನೋಡುತ್ತಾರೆ? ಆದರೆ ರಸ್ತೆ ದಾಟುವವರೂ ತನ್ನ ಹಾಗೇ ಮನೆಯಲ್ಲಿ ಒಲೆ ಹಚ್ಚಿಟ್ಟು ಬಂದಿರುತ್ತಾರಲ್ಲ; ಗುದ್ದಿದರೆ ಅವರ ಆಸ್ಪತ್ರೆ ಖರ್ಚು ಯಾರು ಕೊಡುತ್ತಾರೆ?

ಫೋನ್ ತೆಗೆದು ಏಜೆಂಟನಿಗೆ ಹಚ್ಚಿದಳು. "ವ್ಯಾಪಾರ ಅಂತ ಬರೀರಿ. ಓಡಿಸೋಳು ನಾನು."

"ಯಜಮಾನರನ್ನ ಕೇಳಿದ್ರಾ?"

"ಅವರು ಸ್ನಾನಕ್ಕೆ ಹೋಗಿದಾರೆ."

"ಆಯ್ತು. ಆದ್ರೆ ಪಾಲಿಸಿ ಸಂಜೆಯಿಂದ ಚಾಲ್ತಿಗೆ ಬರುತ್ತೆ."

ಅವಳು ಒಂದೊಂದೇ ಬೆಲ್ಟ್ ಬಿಚ್ಚಿ, ಡಬ್ಬಿಗಳನ್ನು ಚೀಲಗಳಿಗೆ ತುಂಬಿದಳು. ಮನೆಯೊಳಗಿಂದ "ಟವೆಲ್ ಎಲ್ಲಿಟ್ಟಿದೀಯೇ?" ಎಂಬ ಕೂಗು ಕೇಳಿಸಿತು. ಕಾರಿಗೆ ಬೀಗ ಹಾಕಿ, ಚೀಲಗಳನ್ನು ಹೆಗಲಿಗೇರಿಸಿ, ಅವಳು ಬಸ್ ನಿಲ್ದಾಣದ ಕಡೆ ನಡೆದಳು.